ನೊಣ ಕಟ್ಟುವ ಕಣ್ಕಟ್ಟು

ಸತ್ತ ಹುಲಿಗೆ ಮತ್ತೆ ಘರ್ಜಿಸುವ ಮುಖ ಕೊಡುವ ಕಾರ್ಖಾನೆಯೊಂದು ಮೈಸೂರಿನಲ್ಲಿತ್ತು. 1900ರ ಆಸುಪಾಸಿನಲ್ಲಿ ಯೂಜೀನ್ ವ್ಯಾನ್ ಇಂಗನ್ ಶುರುಮಾಡಿದ ‘ವ್ಯಾನ್ ಇಂಗನ್ ಅಂಡ್ ವ್ಯಾನ್ ಇಂಗನ್’ಗೆ ರಾಜ ಮಹಾರಾಜರ, ಬ್ರಿಟಿಷ್ ಅಧಿಕಾರಿಗಳ ಬೇಟೆಯ ತೊಗಲುಗಳು ದೇಶದ ಮೂಲೆಮೂಲೆಯಿಂದ ಬರುತ್ತಿದ್ದವು. ಇಲ್ಲಿ ಹದಗೊಂಡ ಹುಲಿ, ಚಿರತೆಗಳ ಲೆಕ್ಕ 43 ಸಾವಿರ ದಾಟುತ್ತದೆ ಎನ್ನುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೆಲಸ ಕರಗುತ್ತಾ ಹೋಗಿ, 1999ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಹುಲಿಯ ಕತೆ ಬಹಳ ಜನಕ್ಕೆ ಗೊತ್ತು. ಮೀನಿನ ಕತೆ ಅಷ್ಟಾಗಿ ಗೊತ್ತಿಲ್ಲ. ಯೂಜೀನ್ ತನ್ನ ಮಕ್ಕಳಿಗೆ ದಕ್ಷಿಣ ಆಫ್ರಿಕಾದ ಬೋಯರ್ ಸೇನಾನಿಗಳ ಹೆಸರಿಟ್ಟಿದ್ದ. ಅವರಲ್ಲಿ ಡಿವೆಟ್ ಎಂಬಾತ 1946ರಲ್ಲಿ ಕಬಿನಿ ಹೊಳೆಯಲ್ಲಿ 120 ಪೌಂಡ್ ತೂಕದ, ಅಂದರೆ ಸುಮಾರು 54 ಕಿಲೋದ ಮಹಶೀರ್ ಹಿಡಿದ. ಗಾಳಕ್ಕೆ ಬಿದ್ದ ಮಹಶೀರ್‌ಗಳ ಮಾತು ಬಂದಾಗ ದಾಖಲೆಯೆಂದು ಇವತ್ತಿಗೂ ಹೇಳುವುದು ಈ ಮೀನನ್ನೇ.

ತೊಗಲು ಹದಮಾಡುವವನಿಗೆ ಗಾಳದ ಹುಚ್ಚು ಹತ್ತುವುದರಲ್ಲಿ ಆಶ್ಚರ್ಯವಿಲ್ಲ. ಪಶ್ಚಿಮದ ದೇಶಗಳಲ್ಲಿ ಸತ್ತ ಪ್ರಾಣಿಯ ತೊಗಲಿಗೆ ಮತ್ತೆ ರೂಪ ಕೊಡುವ ಟ್ಯಾಕ್ಸಿಡರ್ಮಿ ಮತ್ತು ಮೀನುಗಾರಿಕೆ ಅಕ್ಕಪಕ್ಕದ ಮನೆಯವರಿದ್ದಂತೆ. ಒಂದು ಮನೆಯಲ್ಲಿ ಮಿಕ್ಕಿದ ಜಿಂಕೆಯ ಬಾಲ, ಮೊಲದ ಮುಖದ ತೊಗಲು, ಹುಂಜದ ಕುತ್ತಿಗೆಯ ಗರಿ ಇನ್ನೊಂದು ಮನೆಯ ಮೇಜಿಗೆ ಬಂದು ಕೂರುತ್ತವೆ. ಅಲ್ಲಿ ನಡೆಯುವ ಕಸುಬೇ ಫ್ಲೈ ಟೈಯಿಂಗ್. ನಮ್ಮ ಮಾತಿನಲ್ಲಿ ಹೇಳುವುದಾದರೆ, ನೊಣ ಕಟ್ಟುವುದು.

ಭಾರವಿಲ್ಲದ ಬೇಟೆ

ಎರೆಹುಳುವಿಗೋ ಹಿಟ್ಟಿನ ಉಂಡೆಗೋ ತೂಕವಿರುತ್ತದೆ, ಬೀಸಿದರೆ ದೂರ ಹೋಗಿ ಬೀಳುತ್ತದೆ. ಕಾವೇರಿಯ ಮಹಶೀರ್‌ಗೆ ಬೇಯಿಸಿದ ರಾಗಿ ಮುದ್ದೆಯ ಉಂಡೆಯನ್ನೇ ಗಾಳಕ್ಕೆ ಸಿಕ್ಕಿಸಿ ಎಸೆಯುತ್ತಿದ್ದರು. ಆದರೆ ಟ್ರೌಟ್ ಮೀನು ಹೆಚ್ಚಾಗಿ ತಿನ್ನುವುದು ಹೊಳೆಯ ಪುಟ್ಟ ಕೀಟಗಳನ್ನು. ಅಂಥ ಕೀಟವನ್ನು ಹಿಡಿದು ಕೊಕ್ಕೆಗೆ ಚುಚ್ಚಿದರೆ ನುಚ್ಚುನೂರು. ಹಾಗಾಗಿ ಬರಿಯ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಕೀಟದ ವೇಷ ಹಾಕುತ್ತಾರೆ. ಈ ನೊಣಕ್ಕೆ ಭಾರವೇ ಇರುವುದಿಲ್ಲ. ಅದನ್ನು ಹೊತ್ತು ಸಾಗುವುದು ಗಾಳದ ದಪ್ಪ ದಾರದ ತೂಕ.

ಉಪಾಯ ಹೊಸದೇನಲ್ಲ. ಸುಮಾರು 1,800 ವರ್ಷಗಳ ಹಿಂದೆ ರೋಮನ್ ಲೇಖಕ ಈಲಿಯನ್, ಮ್ಯಾಸಿಡೋನಿಯದ ಹೊಳೆಯೊಂದರ ಮೀನುಗಾರರ ಬಗ್ಗೆ ಬರೆದಿದ್ದಾನೆ. ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಅದರ ಮೇಲೆ ಹುಂಜದ ಎರಡು ಗರಿ ಕಟ್ಟುತ್ತಿದ್ದರಂತೆ. ಒಂದು ಕುರಿ, ಒಂದು ಹುಂಜ. ಇಷ್ಟೇ ಬಂಡವಾಳ.

ಎರಡು ಬಗೆಯ ಹದ

ಟ್ಯಾಕ್ಸಿಡರ್ಮಿಸ್ಟ್‌ಗೆ ತೊಗಲೇ ಮುಖ್ಯ. ಅದು ಮೆತ್ತಗಿರಬೇಕು, ಎಳೆದರೆ ಹಿಗ್ಗಬೇಕು, ಅಚ್ಚಿನ ಮೇಲೆ ಹೊದಿಸಿದಾಗ ಕಣ್ಣಿನ ಸುತ್ತಲ ಸುಕ್ಕು ಕೂಡ ಇದ್ದಲ್ಲೇ ಕೂರಬೇಕು. ಅದಕ್ಕೆಂದೇ ಉಪ್ಪು, ಪಟಿಕ, ಆಮ್ಲಗಳ ದೀರ್ಘ ಸ್ನಾನ. ನೊಣ ಕಟ್ಟುವವನಿಗೆ ತೊಗಲು ಬರಿಯ ಬುಟ್ಟಿ, ಬೇಕಾದ್ದು ಅದರಲ್ಲಿರುವ ಕೂದಲು ಅಥವಾ ಗರಿ. ತೊಗಲು ಒಣಗಿ ಹಪ್ಪಳದಂತೆ ಸೆಟೆದರೂ ಅವನಿಗೆ ಚಿಂತೆಯಿಲ್ಲ.

ಇಬ್ಬರೂ ಹೆದರುವುದು ಒಂದೇ ಶತ್ರುವಿಗೆ. ಪ್ರಾಣ ಹೋದ ಗಳಿಗೆಯಿಂದ ಬ್ಯಾಕ್ಟೀರಿಯಾ ಕೆಲಸ ಶುರುಮಾಡಿರುತ್ತದೆ. ಸೆಕೆಯಲ್ಲಿ ಕೆಲವು ಗಂಟೆ ತಡವಾದರೂ ಕೂದಲಿನ ಬುಡ ಸಡಿಲಗೊಂಡು, ಬೆರಳಿಟ್ಟಲ್ಲೆಲ್ಲ ಹಿಡಿಹಿಡಿಯಾಗಿ ಕಿತ್ತುಬರುತ್ತದೆ. ಆದ್ದರಿಂದ ಮೊದಲು ಮಾಂಸ, ಕೊಬ್ಬನ್ನು ಕೆರೆದು ತೆಗೆಯಬೇಕು. ಕೊಬ್ಬು ಉಳಿದರೆ ಅದು ಕಮಟು ಹಿಡಿದು ಗರಿಯನ್ನು ಹಳದಿ ಮಾಡುತ್ತದೆ. ಆಮೇಲೆ ಒಳಮೈಗೆ ಉಪ್ಪನ್ನೋ ಬಿಳಿಗಾರವನ್ನೋ ಉಜ್ಜುತ್ತಾರೆ. ಉಪ್ಪು ನೀರನ್ನು ಹೀರುತ್ತದೆ. ಬಿಳಿಗಾರ ನೀರನ್ನು ಹೀರುವುದರ ಜೊತೆಗೆ ಹುಳುವನ್ನೂ ದೂರ ಇಡುತ್ತದೆ, ಹಕ್ಕಿಯ ತೆಳು ತೊಗಲಿಗೆ ಅದೇ ಮೇಲು. ಜಿಂಕೆಯ ಬಾಲವಾದರೆ ಕೆಳಬದಿಯಲ್ಲಿ ಸೀಳಿ, ಮೂಳೆಯನ್ನು ಎಳೆದು ತೆಗೆದು, ಹಲಗೆಯ ಮೇಲೆ ಬಿಡಿಸಿ ಮೊಳೆ ಹೊಡೆದು, ನೆರಳಲ್ಲಿ ಒಣಗಿಸುತ್ತಾರೆ. ಹುಂಜದ ಕುತ್ತಿಗೆಯ ತೊಗಲನ್ನು ರಟ್ಟಿಗೆ ಗುಂಡುಸೂಜಿಯಲ್ಲಿ ಹರಡಿ ನಿಲ್ಲಿಸುತ್ತಾರೆ.

ಅಷ್ಟಕ್ಕೆ ಮುಗಿಯಲಿಲ್ಲ. ಬಟ್ಟೆ ತಿನ್ನುವ ನುಸಿಗೂ ತೊಗಲು ಕೊರೆಯುವ ದುಂಬಿಗೂ ಇಂಥ ತೊಗಲು, ಗರಿ ತುಂಬಿದ ಪೆಟ್ಟಿಗೆಯೆಂದರೆ ಹಬ್ಬದೂಟ. ಅನುಭವಿಗಳು ಹೊಸದಾಗಿ ಬಂದ ತೊಗಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಫ್ರೀಜರಿನಲ್ಲಿಡುತ್ತಾರೆ. ಕೆಲವು ದಿನ ಬಿಟ್ಟು ಹೊರಗೆ ತೆಗೆದು, ಮತ್ತೊಮ್ಮೆ ಒಳಗಿಡುತ್ತಾರೆ. ಮೊದಲ ಸರದಿಯಲ್ಲಿ ಬದುಕಿ ಉಳಿದ ಮೊಟ್ಟೆ ಎರಡನೆಯದರಲ್ಲಿ ಸಾಯಲಿ ಎಂದು. ಇಂಥವರ ಮನೆಯಲ್ಲಿ ಬಟಾಣಿ ಪೊಟ್ಟಣದ ಪಕ್ಕ ಮೊಲದ ಮುಖ ಸಿಕ್ಕರೆ ಯಾರೂ ಕಿರುಚುವುದಿಲ್ಲ.

ಯಾವ ಕೂದಲು, ಯಾವ ಕೆಲಸ

ತೊಗಲನ್ನು ಬಲ್ಲವನು ಕೂದಲಿನ ಸ್ವಭಾವವನ್ನೂ ಬಲ್ಲ. ಜಿಂಕೆಯ ಮೈಗೂದಲಿನೊಳಗೆ ಗಾಳಿ ತುಂಬಿದ ಕೋಶಗಳಿವೆ, ಅದಕ್ಕೇ ಅದು ತೇಲುತ್ತದೆ. ಅದರ ಮೇಲೆ ನೂಲು ಬಿಗಿದರೆ ಹೂವರಳಿದಂತೆ ಸುತ್ತಲೂ ಹರಡಿಕೊಳ್ಳುತ್ತದೆ. ಬಾಲದ ತುದಿಯ ಕೂದಲು ಅಷ್ಟು ಪೊಳ್ಳಲ್ಲ, ನೀರಿನಲ್ಲಿ ಪುಟ್ಟ ಮೀನಿನಂತೆ ಬಳುಕುತ್ತದೆ. ಹುಂಜದ ಕುತ್ತಿಗೆಯ ಗರಿ ಬಿರುಸು ಮತ್ತು ಹೊಳಪಿನದು, ಕೊಕ್ಕೆಗೆ ಸುತ್ತಿದರೆ ಅದರ ಎಳೆಗಳ ತುದಿಯ ಮೇಲೆ ನೊಣ ನಿಲ್ಲುತ್ತದೆ. ಹೇಂಟೆಯ ಗರಿ ಮೆದು, ನೀರು ಕುಡಿದು ಮುಳುಗುತ್ತದೆ. ಮೊಲದ ಕಿವಿ ಮತ್ತು ಮುಖದ ಒರಟು ರೋಮವನ್ನು ನೂಲಿಗೆ ಹೊಸೆದರೆ ಮರಿಕೀಟದ ಕಾಲುಗಳಂತೆ ಅಲ್ಲಲ್ಲಿ ಎದ್ದು ನಿಲ್ಲುತ್ತದೆ. ನವಿಲುಗರಿಯ ಎಳೆಯಲ್ಲಿರುವ ಹಸಿರು ಬಣ್ಣದ್ದಲ್ಲ, ಬೆಳಕಿನ ಆಟ. ಹಾಗಾಗಿ ಅಲುಗಿದಂತೆಲ್ಲ ಜೀರುಂಡೆಯ ಬೆನ್ನಿನಂತೆ ಮಿನುಗುತ್ತದೆ.

ಇಷ್ಟು ತಿಳಿದವನಿಗೆ ಸಾಮಾನು ಹೆಚ್ಚು ಬೇಡ. ಇಂಗ್ಲೆಂಡಿನ ಏವನ್ ಹೊಳೆಯ ಕಾವಲುಗಾರ ಫ್ರಾಂಕ್ ಸಾಯರ್ ಕಟ್ಟಿದ ಒಂದು ನೊಣಕ್ಕೆ ಫೆಸೆಂಟ್ ಹಕ್ಕಿಯ ಬಾಲದ ಕೆಲವು ಎಳೆ ಮತ್ತು ತಾಮ್ರದ ತೆಳು ತಂತಿ ಸಾಕು, ನೂಲೂ ಬೇಡ. ಅದನ್ನು ಜಗತ್ತಿನ ಟ್ರೌಟ್ ಹೊಳೆಗಳಲ್ಲೆಲ್ಲ ಇಂದಿಗೂ ಬಳಸುತ್ತಾರೆ.

ನಮ್ಮ ಕಾಡುಕೋಳಿಯ ಕಣ್ಣು

ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನಲ್ಲಿ ಈ ಕಸುಬು ದಾರಿ ತಪ್ಪಿತು. ದಾರಿ ತಪ್ಪಿಸಿದ್ದು ಸಾಲ್ಮನ್ ಮೀನು. ಮೊಟ್ಟೆಯಿಡಲು ಸಮುದ್ರದಿಂದ ಹೊಳೆಗೆ ಬರುವ ಅಟ್ಲಾಂಟಿಕ್ ಸಾಲ್ಮನ್ ಆ ಅವಧಿಯಲ್ಲಿ ಏನನ್ನೂ ತಿನ್ನುವುದಿಲ್ಲ. ಆದರೂ ಎದುರು ಬಂದದ್ದಕ್ಕೆ ಕೆಲವೊಮ್ಮೆ ಬಾಯಿ ಹಾಕುತ್ತದೆ. ಹಸಿವೇ ಇಲ್ಲದ ಮೀನಿಗೆ ಯಾವ ಕೀಟದ ವೇಷ ಹಾಕಬೇಕು? ಉತ್ತರವಿಲ್ಲದ್ದರಿಂದ ಕಲ್ಪನೆಗೆ ಲಗಾಮೂ ಇರಲಿಲ್ಲ. ಸಾಮ್ರಾಜ್ಯದ ಹಡಗುಗಳು ಹೊತ್ತು ತರುತ್ತಿದ್ದ ಹಕ್ಕಿಗಳೆಲ್ಲ ಕೊಕ್ಕೆ ಏರಿದವು. ‘ಜಾಕ್ ಸ್ಕಾಟ್’ ಎಂಬ ಹೆಸರಾಂತ ನೊಣಕ್ಕೆ ದಕ್ಷಿಣ ಅಮೆರಿಕದ ಟೂಕನ್, ಚೀನಾದ ಚಿನ್ನದ ಫೆಸೆಂಟ್ ಎಲ್ಲ ಬೇಕು. 1895ರಲ್ಲಿ ಜಾರ್ಜ್ ಕೆಲ್ಸನ್ ಬರೆದ ‘ದಿ ಸಾಲ್ಮನ್ ಫ್ಲೈ’ ಈ ವೈಭವಕ್ಕೆ ಶಾಸ್ತ್ರಗ್ರಂಥವೇ ಆಯಿತು.

ಆ ಪಟ್ಟಿಯಲ್ಲಿ ನಮ್ಮವನೂ ಒಬ್ಬನಿದ್ದ. ಬಂಡೀಪುರ, ನಾಗರಹೊಳೆಯ ರಸ್ತೆಯಂಚಿನಲ್ಲಿ ಬೆಳಗಿನ ಹೊತ್ತು ಕೆದಕುತ್ತಾ ಓಡಾಡುವ ಬೂದು ಕಾಡುಕೋಳಿ. ಹುಂಜದ ಕುತ್ತಿಗೆಯ ಗರಿಗಳ ಮೇಲೆ ಅರಗು ಸವರಿದಂತೆ ಹಳದಿ, ಬಿಳಿ ಚುಕ್ಕಿಗಳಿರುತ್ತವೆ. ಅದು ಬಣ್ಣದ ಮಚ್ಚೆಯಲ್ಲ, ಗರಿಯೇ ಗಟ್ಟಿಯಾಗಿ ಉಗುರಿನ ಚೂರಿನಂತೆ ಚಪ್ಪಟೆಯಾದದ್ದು. ನೊಣದ ಎರಡೂ ಕೆನ್ನೆಗೆ ಒಂದೊಂದು ಕಟ್ಟಿದರೆ ಕಣ್ಣು ತೆರೆದಂತೆ ಕಾಣುತ್ತದೆ. ಮಳೆಗಾಲದಲ್ಲಿ ಹುಂಜ ಈ ಗರಿಗಳನ್ನು ಉದುರಿಸಿ ಮಂಕು ಪುಕ್ಕ ತೊಡುತ್ತದೆ. ಗರಿ ಮೈತುಂಬ ಇದ್ದ ಕಾಲದಲ್ಲೇ ಕೊಲ್ಲಬೇಕು, ಕೊಲ್ಲುತ್ತಲೂ ಇದ್ದರು. ದಕ್ಷಿಣ ಭಾರತದ ಕಾಡಿನ ಕುತ್ತಿಗೆಗಳು ಸ್ಕಾಟ್ಲೆಂಡಿನ ಹೊಳೆಗಳವರೆಗೆ ಹೋದವು. ಇಂದು ಈ ಹಕ್ಕಿಗೆ ನಮ್ಮಲ್ಲಿ ಕಾನೂನಿನ ಕಾವಲಿದೆ. ಹೊರದೇಶದ ಅಂಗಡಿಗಳಲ್ಲಿ ಸಿಗುವ ಗರಿ ಅಲ್ಲಿಯೇ ಸಾಕಿದ ಕೋಳಿಗಳದ್ದು.

ಮೋಹ ಮಾತ್ರ ಸಾಯಲಿಲ್ಲ. 2009ರ ಜೂನ್ ತಿಂಗಳ ಒಂದು ರಾತ್ರಿ ಲಂಡನ್ನಿನಲ್ಲಿ ಕೊಳಲು ಕಲಿಯುತ್ತಿದ್ದ ಅಮೆರಿಕದ ಯುವಕನೊಬ್ಬ ಟ್ರಿಂಗ್ ಊರಿನ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಕಿಟಕಿ ಒಡೆದು ನುಗ್ಗಿದ. ಸೂಟ್‌ಕೇಸಿಗೆ ತುಂಬಿಕೊಂಡದ್ದು 299 ಹಕ್ಕಿಗಳ ತೊಗಲು. ಕೆಲವು ವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಕಾಡು ಸುತ್ತಿ ಸಂಗ್ರಹಿಸಿದ್ದವು. ನೊಣ ಕಟ್ಟುವವರಿಗೆ ಮಾರಲು ಅವನು ಗರಿ ಕಿತ್ತ, ಊರು ತಾರೀಖು ಬರೆದಿದ್ದ ಚೀಟಿಗಳನ್ನು ಬೇರ್ಪಡಿಸಿದ. ಚೀಟಿ ಕಳೆದುಕೊಂಡ ತೊಗಲು ವಿಜ್ಞಾನಕ್ಕೆ ಬರಿ ಪುಕ್ಕ. ಕರ್ಕ್ ವ್ಯಾಲೇಸ್ ಜಾನ್ಸನ್ ಈ ಪ್ರಕರಣದ ಬೆನ್ನುಹತ್ತಿ ಬರೆದ ‘ದಿ ಫೆದರ್ ಥೀಫ್’ 2018ರಲ್ಲಿ ಬಂತು. ಸೋಜಿಗವೆಂದರೆ, ಇಂಥ ಗರಿಗಳಿಗೆ ಹಣ ಸುರಿಯುವವರಲ್ಲಿ ಎಷ್ಟೋ ಜನ ತಾವು ಕಟ್ಟಿದ ನೊಣವನ್ನು ನೀರಿಗೆ ಇಳಿಸುವುದೇ ಇಲ್ಲ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.

ಗೋಡೆಯ ಮೇಲಿನ ಹುಲಿಗೂ ಗೋಡೆಯ ಮೇಲಿನ ನೊಣಕ್ಕೂ ಅಲ್ಲಿಗೆ ವ್ಯತ್ಯಾಸ ಉಳಿಯಲಿಲ್ಲ. ಮೀನಿನ ಕಣ್ಣು ಕಟ್ಟಲು ಹುಟ್ಟಿದ ಕಸುಬು ಮನುಷ್ಯನ ಕಣ್ಣನ್ನೇ ಕಟ್ಟಿಹಾಕಿತ್ತು.

ಸಂತೆಯಲ್ಲಿ ಸಿಗುವ ಸಾಮಾನು

ಕಸುಬಿನ ಬೇರು ಹಿಡಿದವರು ಬೇರೆ ದಾರಿ ನೋಡಿಕೊಂಡಿದ್ದಾರೆ. ಅಮೆರಿಕದ ಕೊಲೊರಾಡೊದಲ್ಲಿರುವ ವೈಟಿಂಗ್ ಫಾರ್ಮ್ಸ್ ಗರಿಗೆಂದೇ ಹುಂಜಗಳ ತಳಿ ಬೆಳೆಸಿದೆ. ಅಪರೂಪದ ಹಕ್ಕಿಯ ಬದಲು ಬಣ್ಣ ಹಾಕಿದ ಟರ್ಕಿ, ಕೋಳಿ ಗರಿ ಬಳಸುವವರಿದ್ದಾರೆ.

ನಮ್ಮಲ್ಲಿ ಯಾರಿಗಾದರೂ ಕೈಯಾಡಿಸುವ ಮನಸ್ಸಿದ್ದರೆ ಜಿಂಕೆ, ಕಾಡುಮೊಲ, ಕಾಡುಕೋಳಿಯ ತಂಟೆಗೆ ಹೋಗುವಂತಿಲ್ಲ, ಹೋಗಬೇಕಾಗಿಯೂ ಇಲ್ಲ. ಕೋಳಿ ಅಂಗಡಿಯ ಬುಟ್ಟಿಯಲ್ಲಿ ನಾಟಿ ಹುಂಜದ ಕೆಂಪು, ಕಪ್ಪು, ಜೇನುಬಣ್ಣದ ಕುತ್ತಿಗೆಗಳು ದಿನವೂ ಕಸಕ್ಕೆ ಬೀಳುತ್ತವೆ. ಒಂದನ್ನು ಕೇಳಿ ತಂದು, ಕೊಬ್ಬು ಕೆರೆದು, ಬಿಳಿಗಾರ ಉಜ್ಜಿ, ರಟ್ಟಿನ ಮೇಲೆ ಹರಡಿದರಾಯಿತು. ಕಂಬಳಿ ನೇಯುವವರ ಬಳಿ ಒಂದು ಚಿಟಿಕೆ ಉಣ್ಣೆ ಸಿಕ್ಕೇ ಸಿಗುತ್ತದೆ, ಕೆಂಪು ಬಣ್ಣ ಅದ್ದಿಕೊಳ್ಳಬಹುದು. ಮ್ಯಾಸಿಡೋನಿಯದವರು ನೆಚ್ಚಿದ್ದು ಇವೆರಡನ್ನೇ. ಅಲ್ಲಿಂದ ಇಲ್ಲಿಯವರೆಗೆ ಯಾವ ಮೀನೂ ಟೂಕನ್ ಗರಿ ಬೇಕೆಂದು ಹಟ ಹಿಡಿದದ್ದಿಲ್ಲ.