ಮಾಲೆಯ ತುದಿ ಗಟ್ಟಿಯಾಗಿರಲಿ



ಮಲ್ಲಿಗೆ ದಂಡೆ ಕಟ್ಟಿ ಕೊನೆಯ ಗಂಟನ್ನು ಸಡಿಲ ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆ ಸೇರುವಷ್ಟರಲ್ಲಿ ಅರ್ಧ ಹೂವು ದಾರಿಯಲ್ಲಿ. ಮಣಿಮಾಲೆಯೂ ಹಾಗೆಯೇ.

ನಮ್ಮ ಒಂದು ಸಂಘದವರು ಸಂಘದಲ್ಲೇ ಸಾಲ ಪಡೆದು, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಮಣಿ ತರಿಸಿ 50 ಮಾಲೆ ಮಾಡಿದರು. ಬಣ್ಣದ ಜೋಡಣೆ ಬಹಳ ಚೆನ್ನಾಗಿತ್ತು. ಅಂಗಡಿಯವರೊಬ್ಬರು ಸಂತೋಷದಿಂದ ತೆಗೆದುಕೊಂಡರು. ತಿಂಗಳೊಳಗೆ 12 ಮಾಲೆ ವಾಪಸ್ ಬಂದವು. ಕೆಲವು ಹುಕ್ಕಿನ ಹತ್ತಿರ ಬಿಚ್ಚಿಕೊಂಡಿದ್ದವು, ಕೆಲವದರ ತುದಿ ಕುತ್ತಿಗೆಗೆ ಚುಚ್ಚುತ್ತಿತ್ತು. ವಾರದ ಸಭೆಯಲ್ಲಿ "ತುದಿ ಕಟ್ಟಿದ್ದು ನೀನೇ ತಾನೇ?" ಅಂತ ಜಗಳವಾಯಿತು. ಒಬ್ಬ ಅಕ್ಕ ಅತ್ತೇಬಿಟ್ಟರು.

ನಿಜ ಹೇಳಬೇಕೆಂದರೆ ತಪ್ಪು ನಮ್ಮದು. 3 ದಿನದ ತರಬೇತಿಯಲ್ಲಿ ಬಣ್ಣಕ್ಕೂ ವಿನ್ಯಾಸಕ್ಕೂ ಸಮಯ ಕೊಟ್ಟೆವು. ತುದಿ ಕಟ್ಟುವುದನ್ನು ಮಾತ್ರ ಕೊನೆಯ ಅರ್ಧ ಗಂಟೆಯಲ್ಲಿ, ಎಲ್ಲರೂ ಬಸ್ಸಿಗೆ ಹೊರಡುವ ಹೊತ್ತಿನಲ್ಲಿ ತೋರಿಸಿದೆವು. ಆ ಕೊರತೆಯನ್ನು ತುಂಬಲು ಇದನ್ನು ಬರೆಯುತ್ತಿದ್ದೇವೆ.

ಬೇಕಾಗುವ ಸಾಮಾನು

ಗೇರ್ ವೈರ್ (ಪ್ಲಾಸ್ಟಿಕ್ ಹೊದಿಕೆಯ ಸಣ್ಣ ಉಕ್ಕಿನ ತಂತಿ), ಗೇರ್ ಲಾಕ್ (ಒತ್ತಿ ಬಿಗಿ ಮಾಡುವ ಪುಟ್ಟ ಲೋಹದ ಮಣಿ), ಹುಕ್ಕು, ರಿಂಗು, ಕೆಲವು ಚಿಕ್ಕ ಲೋಹದ ಮಣಿ, ನೋಸ್ ಪ್ಲೇಯರ್, ಕಟ್ಟರ್. ಹುಕ್ಕಿನಲ್ಲಿ ನಿಕ್ಕಲ್ ಇದ್ದರೆ ಕೆಲವರಿಗೆ ಚರ್ಮ ತುರಿಸುತ್ತದೆ. ಆದ್ದರಿಂದ ನಿಕ್ಕಲ್ ಇಲ್ಲದ್ದನ್ನೇ ಕೇಳಿ ಕೊಳ್ಳಿ.

ಮಾಡುವ ಕ್ರಮ

1. 18 ಇಂಚಿನ ಮಾಲೆಗೆ 24 ಇಂಚು ವೈರ್ ಕತ್ತರಿಸಿ. ಎರಡೂ ಕಡೆ 3 ಇಂಚು ಉಳಿಯಬೇಕು. ಉಳಿತಾಯ ಮಾಡಲು ಹೋಗಿ ಗಿಡ್ಡ ಕತ್ತರಿಸಿದರೆ ಕೈಗೆ ಹಿಡಿತವೇ ಸಿಗೋಲ್ಲ.

2. ವೈರಿಗೆ ಮೊದಲು ಗೇರ್ ಲಾಕ್, ಆಮೇಲೆ ಹುಕ್ಕು ಪೋಣಿಸಿ. ತುದಿಯನ್ನು ತಿರುಗಿಸಿ ಅದೇ ಗೇರ್ ಲಾಕಿನೊಳಗೆ ವಾಪಸ್ ತನ್ನಿ.

3. ಹುಕ್ಕು ಸಲೀಸಾಗಿ ಅಲ್ಲಾಡುವಷ್ಟು ಪುಟ್ಟ ಕುಣಿಕೆ ಬಿಡಿ. ತೀರಾ ಬಿಗಿ ಮಾಡಿದರೆ ವೈರ್ ಹುಕ್ಕಿಗೆ ಉಜ್ಜಿ ಉಜ್ಜಿ ಅಲ್ಲೇ ತುಂಡಾಗುತ್ತದೆ.

4. ಲಾಕಿನೊಳಗೆ ಎರಡು ಎಳೆಗಳು ಅಕ್ಕಪಕ್ಕ ಇರಲಿ, ಒಂದರ ಮೇಲೊಂದು ಬರಬಾರದು. ಪ್ಲೇಯರಿನಿಂದ ಚಪ್ಪಟೆಯಾಗುವಂತೆ ಒತ್ತಿ. ಸಿಕ್ಕಾಪಟ್ಟೆ ಒತ್ತಿದರೆ ಲಾಕ್ ಬಿರುಕು ಬಿಡುತ್ತದೆ. ಎಳೆದು ನೋಡಿ; ಜಾರಿದರೆ ತೆಗೆದು ಹೊಸದು ಹಾಕಿ.

5. ಈಗ ಒಂದು ಚಿಕ್ಕ ಲೋಹದ ಮಣಿ ಹಾಕಿ. ಮರದ ಮಣಿಯ ತೂತು ದೊಡ್ಡದು, ಇದಿಲ್ಲದಿದ್ದರೆ ಲಾಕ್ ಒಳಗೆ ಜಾರುತ್ತದೆ. ಮೊದಲ ಎರಡು ಮೂರು ಮಣಿಗಳನ್ನು ವೈರ್ ಮತ್ತು ಉಳಿದ ತುದಿ ಎರಡರ ಮೇಲೂ ಪೋಣಿಸಿ. ಹೆಚ್ಚಿನ ತುದಿ ಮಣಿಯ ಒಳಗೇ ಅಡಗುವಂತೆ ಕತ್ತರಿಸಿ, ಮಾಲೆ ಮುಂದುವರಿಸಿ.

6. ಇನ್ನೊಂದು ಕಡೆಗೂ ಚಿಕ್ಕ ಮಣಿ, ಗೇರ್ ಲಾಕ್, ರಿಂಗು. ತುದಿಯನ್ನು ಲಾಕ್, ಚಿಕ್ಕ ಮಣಿ, ಕೊನೆಯ ಎರಡು ಮೂರು ಮಣಿಗಳ ಮೂಲಕ ವಾಪಸ್ ತಂದು ಎಳೆಯಿರಿ. ಆದರೆ ಅರ್ಧ ಅಕ್ಕಿಕಾಳಿನಷ್ಟು ಸಡಿಲ ಬಿಟ್ಟೇ ಲಾಕ್ ಒತ್ತಿ. ಹೆಚ್ಚಿನವರು ತಪ್ಪುವುದು ಇಲ್ಲೇ. ಸಡಿಲವಿಲ್ಲದ ಮಾಲೆ ಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ, ಬಗ್ಗಿಸಿದರೆ ಎಲ್ಲಾ ಭಾರ ಲಾಕಿನ ಮೇಲೆ ಬೀಳುತ್ತದೆ. ಕೊನೆಗೆ ತುದಿ ಕತ್ತರಿಸುವಾಗ ಮಾಲೆಯ ವೈರಿಗೆ ಕಟ್ಟರ್ ತಾಗದಂತೆ ನೋಡಿಕೊಳ್ಳಿ.

ರಿಂಗು ತೆರೆಯುವಾಗ ಅಗಲಕ್ಕೆ ಎಳೆಯಬೇಡಿ. ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ತೆರೆಯಿರಿ, ಹಾಗೆಯೇ ಮುಚ್ಚಿರಿ. ಅಗಲಕ್ಕೆ ಎಳೆದ ರಿಂಗು ಮತ್ತೆ ಸರಿಯಾಗಿ ಕೂಡುವುದಿಲ್ಲ.

ನೈಲಾನ್ ದಾರದಲ್ಲಿ ಮಾಡುವವರು ಎರಡು ಮೂರು ಗಂಟು ಹಾಕಿ, ಗಂಟಿಗೆ ಒಂದು ಹನಿ ಗಮ್ ಬಿಟ್ಟು, ಒಣಗಿದ ಮೇಲೆ ತುದಿಯನ್ನು ಮಣಿಯೊಳಗೆ ಸೇರಿಸಿ. ಬೆಂಕಿಕಡ್ಡಿಯಿಂದ ಸುಡಬೇಡಿ. ಸುಟ್ಟ ತುದಿ ಗಟ್ಟಿಯಾಗಿ ಚುಚ್ಚುತ್ತದೆ, ಅರಗಿನ ಬಣ್ಣವೂ ಬಿಸಿಗೆ ಕೆಡುತ್ತದೆ.

ಕಳಿಸುವ ಮುಂಚೆ 3 ಪರೀಕ್ಷೆ

ಹುಕ್ಕು ಮತ್ತು ರಿಂಗನ್ನು ಹಿಡಿದು ಎಳೆಯಿರಿ. ಮಾಲೆಯನ್ನು ಚೊಂಬಿನ ಸುತ್ತ ಬಳಸಿ, ಸರಾಗವಾಗಿ ಬಗ್ಗುತ್ತದೆಯೇ ನೋಡಿ. ತುದಿಯನ್ನು ಹಳೆ ಸೀರೆಯ ಸೆರಗಿನ ಮೇಲೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಕುತ್ತಿಗೆಗೂ ಚುಚ್ಚುತ್ತದೆ ಅಂತಲೇ ಅರ್ಥ.

ಒಂದು ಮಾತು: ಕಟ್ಟಿದವರೇ ಪರೀಕ್ಷೆ ಮಾಡುವುದು ಬೇಡ, ಇನ್ನೊಬ್ಬರು ಮಾಡಲಿ. ತಪ್ಪು ಸಂಘದೊಳಗೇ ಸಿಕ್ಕಿದರೆ ಅದು ಕಲಿಕೆ. ಗಿರಾಕಿಯ ಕೈಯಲ್ಲಿ ಸಿಕ್ಕಿದರೆ ನಷ್ಟ, ಆಮೇಲೆ ಜಗಳ.

ಆ 12 ಮಾಲೆಗಳನ್ನು ಬಿಚ್ಚಿ, ಎಲ್ಲರೂ ಒಟ್ಟಿಗೆ ಕುಳಿತು ಹೊಸದಾಗಿ ಕಟ್ಟಿದೆವು. ಒಂದು ಮಣಿಯೂ ಹಾಳಾಗಲಿಲ್ಲ, ಖರ್ಚಾದದ್ದು ವೈರ್ ಮತ್ತು ಲಾಕ್ ಮಾತ್ರ. ಅಂದು ಅತ್ತ ಅಕ್ಕನೇ ಈಗ ಬೇರೆ ಸಂಘದವರಿಗೆ ತುದಿ ಕಟ್ಟುವುದನ್ನು ಕಲಿಸುತ್ತಿದ್ದಾರೆ. ನೀವೂ ಮುಂದಿನ ಸಭೆಗೆ ಒಂದು ಹಳೆಯ ಮಾಲೆ ತನ್ನಿ, ಬಿಚ್ಚಿ ಕಟ್ಟಿ ನೋಡೋಣ.

ದೇವರು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.