ರಿಪೇರಿಯಾದ ಲೆನ್ಸು, ಅಪ್ಪನ ಕವಣಿ ಮತ್ತು ಗುಲಾಬಿ ಮೈನಾ

ಸಂಕ್ರಾಂತಿಗೆ ಊರಿಗೆ ಹೊರಟಾಗ ಬ್ಯಾಗಿನಲ್ಲಿ ಬಟ್ಟೆಗಿಂತ ಜಾಸ್ತಿ ಜಾಗ ಹಿಡಿದಿದ್ದು ಕ್ಯಾಮೆರಾ. ಐದು ತಿಂಗಳ ನಂತರ ಅದು ರಿಪೇರಿಯಾಗಿ ಕೈಗೆ ಬಂದಿತ್ತು. ತಪ್ಪು ನನ್ನದೇ. ಮಳೆಗಾಲವಿಡೀ ಬ್ಯಾಗಿನೊಳಗೇ ಬಿಟ್ಟಿದ್ದೆ. ಲೆನ್ಸಿನೊಳಗೆ ಫಂಗಸ್ ಬೆಳೆದಿತ್ತು, ಆಟೋಫೋಕಸ್ ಮೋಟಾರೂ ಕೈಕೊಟ್ಟಿತ್ತು. ಬಿಲ್ಲು 11,500 ರೂಪಾಯಿ!

ನಮ್ಮೂರು ಅಥಣಿ ತಾಲ್ಲೂಕಿನ ಅನಂತಪುರ. ಅತ್ತ ಕೃಷ್ಣಾ ನದಿಯ ದಂಡೆಗೆ ಹೋದರೆ ಕಣ್ಣು ಹಾಯಿಸಿದಷ್ಟೂ ಕಬ್ಬು. ನಮ್ಮದು ಮಾತ್ರ ಹಿಂಗಾರಿ ಜೋಳದ ಹೊಲ. ಜನವರಿಯಲ್ಲಿ ತೆನೆ ಹಾಲುಗಾಳು ಕಟ್ಟುತ್ತದೆ, ಸೀತನಿ ತಿನ್ನುವ ಕಾಲ. ಅದು ನಮಗಷ್ಟೇ ಅಲ್ಲ, ಗುಲಾಬಿ ಮೈನಾಗಳಿಗೂ ಗೊತ್ತು.

ಕಪ್ಪು ತಲೆ, ಗುಲಾಬಿ ಮೈಯ ಈ ಹಕ್ಕಿಗಳು ಮರಿ ಮಾಡುವುದು ಮಧ್ಯ ಏಷ್ಯಾದ ಕಡೆ. ಚಳಿಗಾಲ ಕಳೆಯಲು ಹಿಂಡು ಹಿಂಡಾಗಿ ನಮ್ಮ ದೇಶಕ್ಕೆ ಬರುತ್ತವೆ, ಏಪ್ರಿಲ್ ಹೊತ್ತಿಗೆ ಮರಳುತ್ತವೆ. ಒಂದು ಹಿಂಡು ತೆನೆಗಳ ಮೇಲೆ ಇಳಿಯಿತೆಂದರೆ ಜೋಳದ ದಂಟುಗಳೆಲ್ಲ ಬಾಗುತ್ತವೆ.

ಬೆಳಿಗ್ಗೆ ಏಳಕ್ಕೇ ಹೊಲದಲ್ಲಿದ್ದೆ. ಅಪ್ಪ ಅಟ್ಟಣೆಯ ಮೇಲೆ ಕವಣಿ ಹಿಡಿದು ಕೂತಿದ್ದರು. ಹಿಂಡು ಇಳಿಯಿತು, ಅಪ್ಪನ ಕೈ ಮೇಲೆದ್ದಿತು.

"ಅಪ್ಪಾ, ಹತ್ತ ನಿಮಿಷ ತಡಿ!"

ಅಪ್ಪ ನನ್ನ ಮುಖ ನೋಡಿ ಕೈ ಇಳಿಸಿದರು. ನಾನು ಸೆಕೆಂಡಿನ 2000ನೇ ಒಂದು ಭಾಗದ ಶಟರ್ ವೇಗದಲ್ಲಿ ಇನ್ನೂರು ಫ್ರೇಮ್ ಬಾರಿಸಿದೆ.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಎದೆ ಧಸಕ್ ಎಂದಿತು. ಪ್ರತಿ ಚಿತ್ರದಲ್ಲೂ ಹಕ್ಕಿ ಮಸುಕು, ಹಿಂದಿನ ತೆನೆ ಮಾತ್ರ ಸ್ಪಷ್ಟ. ಮೋಟಾರು ಸರಿಯಾಗಿತ್ತು, ಆದರೆ ಫೋಕಸ್ ಗುರಿಗಿಂತ ಹಿಂದೆ ಬೀಳುತ್ತಿತ್ತು. ರಿಪೇರಿಯಿಂದ ಬಂದ ದಿನವೇ ಪರೀಕ್ಷೆ ಮಾಡಬೇಕಿತ್ತು. ಆಫೀಸಿನ ಗಡಿಬಿಡಿಯಲ್ಲಿ ನಾನು ಮಾಡಿರಲಿಲ್ಲ.

ಪರೀಕ್ಷೆ ಕಷ್ಟದ್ದೇನಲ್ಲ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಡಿ. ಒಂದು ಬೆಂಕಿಪೊಟ್ಟಣ ನಿಲ್ಲಿಸಿ, ಪಕ್ಕದಲ್ಲಿ ಒಂದು ಸ್ಕೇಲನ್ನು ಓರೆಯಾಗಿ ಇಟ್ಟು, ಅದರ ನಡು ಗೆರೆ ಪೊಟ್ಟಣದ ಸಾಲಿಗೇ ಬರುವಂತೆ ನೋಡಿಕೊಳ್ಳಿ. ಅಪರ್ಚರ್ ಪೂರ್ತಿ ತೆರೆದು ಪೊಟ್ಟಣದ ಮೇಲೆ ಫೋಕಸ್ ಮಾಡಿ. ಸ್ಕೇಲಿನ ಯಾವ ಗೆರೆ ಸ್ಪಷ್ಟವಾಗಿದೆ ಎನ್ನುವುದರಿಂದ ಫೋಕಸ್ ಮುಂದೆ ಬಿದ್ದಿದೆಯೋ ಹಿಂದೆಯೋ ತಿಳಿಯುತ್ತದೆ. ಅನೇಕ ಡಿಎಸ್ಎಲ್ಆರ್‌ಗಳ ಮೆನುವಿನಲ್ಲಿ ಇದನ್ನು ತಿದ್ದುವ 'ಎಎಫ್ ಫೈನ್ ಟ್ಯೂನ್' ಇರುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಸೆನ್ಸರ್‌ನಿಂದಲೇ ಫೋಕಸ್ ಓದುವುದರಿಂದ ಸಾಮಾನ್ಯವಾಗಿ ಈ ಗೋಳಿಲ್ಲ. ತಂಗಿಯ ಸ್ಕೇಲ್ ಇಟ್ಟುಕೊಂಡು ನಾನು ಮೈನಸ್ 8ಕ್ಕೆ ಹೊಂದಿಸುವಷ್ಟರಲ್ಲಿ ಸಂಜೆಯಾಗಿತ್ತು.

ಮರುದಿನ ಬೆಳಿಗ್ಗೆ ಮತ್ತೆ ಅದೇ ಬದು, ಅದೇ ಮಾತು. ಈ ಸಲ ಅಪ್ಪ ಸುಮ್ಮನಿರಲಿಲ್ಲ.

"ನಿನ್ನಿ ಹತ್ತ ನಿಮಿಷ, ಇವತ್ತ ಹತ್ತ ನಿಮಿಷ. ರಾಶಿಗೆ ಏನ ಉಳಿತೈತೋ ತಮ್ಮಾ?"

ನನ್ನ ಹತ್ತಿರ ಉತ್ತರವಿರಲಿಲ್ಲ. ನಾವು ಫೋಟೊ ಹಾಕಿ ಲೈಕ್ ಎಣಿಸುತ್ತೇವೆ, ಆ ಹತ್ತು ನಿಮಿಷದ ಕಾಳು ಹೋಗುವುದು ಇನ್ನೊಬ್ಬರ ಕಣಜದಿಂದ. ಹೊಲ ನಮ್ಮದೇ ಆದರೂ ಅಷ್ಟು ದಿನ ನನಗಿದು ಹೊಳೆದೇ ಇರಲಿಲ್ಲ. "ಐದ ನಿಮಿಷ ಸಾಕು" ಎಂದೆ.

ಆ ಐದು ನಿಮಿಷದಲ್ಲಿ ನಲವತ್ತು ಫ್ರೇಮ್ ಸಿಕ್ಕವು. ಅಲ್ಲೇ ಅಪ್ಪನಿಗೆ ಜೂಮ್ ಮಾಡಿ ತೋರಿಸಿದೆ. ಒಂದರ ಕೊಕ್ಕಿನಲ್ಲಿ ಹಾಲುಗಾಳು, ಇನ್ನೊಂದರ ಕೊಕ್ಕಿನಲ್ಲಿ ಹಸಿರು ಹುಳ. ಮಿಡತೆಯೆಂದರೂ ಈ ಹಕ್ಕಿಗಳಿಗೆ ಪ್ರಾಣ. ಚೀನಾದ ಷಿಂಜಿಯಾಂಗ್‌ನಲ್ಲಿ ಮಿಡತೆ ಕಾಟ ತಡೆಯಲೆಂದೇ ಇವುಗಳಿಗೆ ಕಲ್ಲಿನ ಗೂಡು ಕಟ್ಟಿಕೊಡುತ್ತಾರೆ ಅಂತ ಹೇಳಿದೆ.

ಅಪ್ಪ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಹುಳಾನೂ ತಿಂತಾವ ಅನ್ನು. ಕೂಲಿ ತಗೊಂಡು ಹೊಂಟಾವ ಬಿಡು."

ಹಾಗಂದವರು ಕ್ಯಾಮೆರಾ ನನ್ನ ಕೈಗಿಟ್ಟು, ಕವಣಿಗೆ ಕಲ್ಲು ಹಾಕಿ, ಹಿಂಡಿನ ಮೇಲಲ್ಲ, ಅದರ ಆಚೆಗೆ ಬೀಸಿದರು. ಹಕ್ಕಿಗಳು ಗುಂಪಾಗಿ ಎದ್ದು ಪಕ್ಕದ ಜಾಲಿಗಿಡಕ್ಕೆ ಹಾರಿದವು.

ಈಗ ಕ್ಯಾಮೆರಾ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗಿದೆ. ಹುಳ ಹಿಡಿದ ಹಕ್ಕಿಯ ಫೋಟೊ ಊರ ಮನೆಯ ಗೋಡೆ ಮೇಲಿದೆ. ಮೊಳೆ ಹೊಡೆದವರು ಅಪ್ಪ.