ಕರಮಾಳದ ಹಾಡು, ಅಕ್ಕಲಕೋಟದ ಕಿವಿ: ಸಿನಿಮಾ ಸಂಗೀತದೊಳಗಿನ ಭಾವ ಮತ್ತು ಊರು

ಹಾಡಿನ ತುಣುಕು ಹಾಕಿ ಕೇಳಿಸಬೇಕಂತ ಮಾಡಿದ್ದೆ. ಆದ್ರ ಆನ್‌ಲೈನ್‌ದಾಗ ಸಂಗೀತ ಹರಕು ಹರಕಾಗಿ ಕೇಳಸ್ತದ, ಅದಕ್ಕ ಬಾಯಿಲೇ ಹೇಳ್ತೀನಿ. ನಿಮಗೆಲ್ಲ ಗೊತ್ತಿರೋ ಸಿನಿಮಾನೇ, 'ಸೈರಾಟ್'.

2016ರಲ್ಲಿ ಬಂದ ಈ ಮರಾಠಿ ಚಿತ್ರದ ನಿರ್ದೇಶಕ ನಾಗರಾಜ ಮಂಜುಳೆ ಸೋಲಾಪುರ ಜಿಲ್ಲೆಯ ಕರಮಾಳ ತಾಲ್ಲೂಕಿನವರು. ಚಿತ್ರದ ಊರೂ ಅದೇ ಸೀಮೆಯದು. ಕರಮಾಳ ಜಿಲ್ಲೆಯ ವಾಯವ್ಯಕ್ಕಿದೆ, ನಮ್ಮ ಅಕ್ಕಲಕೋಟ ಆಗ್ನೇಯಕ್ಕೆ. ಜಿಲ್ಲೆ ಒಂದೇ, ಆದರೆ ಅಲ್ಲಿಯ ಮಾತು ಮರಾಠಿ, ನಮ್ಮ ಮನಿಯೊಳಗ ಕನ್ನಡ. ಆದ್ದರಿಂದ ನನ್ನ ಪ್ರಶ್ನೆ ಇಷ್ಟು: ಹಾಡೊಂದು ಭಾಷೆ ದಾಟುವಾಗ ಭಾವ ದಾಟುತ್ತದೆ, ಊರೂ ದಾಟುತ್ತದೆಯೆ?

ಮೊದಲು ಭಾವದ ಮಾತು. ಸಂಗೀತ ಅಜಯ್-ಅತುಲ್ ಅವರದು. ಹಾಡುಗಳ ವಾದ್ಯವೃಂದವನ್ನು ಲಾಸ್ ಏಂಜಲಿಸ್‌ಗೆ ಹೋಗಿ, ಹಾಲಿವುಡ್ ಚಿತ್ರಗಳ ಸಂಗೀತ ಮುದ್ರಿಸುವ ಸೋನಿ ಸ್ಟುಡಿಯೊದಲ್ಲಿ ಮುದ್ರಿಸಿಕೊಂಡು ಬಂದರು. ಕತೆ ನೋಡಿದರೆ ಮೀನುಗಾರನ ಮಗ ಪರ್ಶ್ಯಾ, ಪಾಟೀಲನ ಮಗಳು ಆರ್ಚಿ, ಕಬ್ಬು, ಬಾಳೆ, ಬಾವಿ. ಇಂಥ ಊರು ತೋರಿಸುವಾಗ ಸಿನಿಮಾದವರು ಸಾಮಾನ್ಯವಾಗಿ ಒಂದು ಕೊಳಲು, ಒಂದು ಡೋಲು ಕೊಟ್ಟು ಕೈ ತೊಳಕೋತಾರ. ಇಲ್ಲಿ ಪರ್ಶ್ಯಾ ಓಡುವಾಗ ಪಿಟೀಲುಗಳ ಇಡೀ ಸಾಲು ಏಳುತ್ತದೆ. ಆ ಹುಡುಗನ ಕನಸು ಎಷ್ಟು ದೊಡ್ಡದೋ ಸಂಗೀತವೂ ಅಷ್ಟೇ ದೊಡ್ಡದು. ಅವನ ಜಾತಿ, ಅವನ ಮನೆಯ ಅಳತೆಗೆ ಅದನ್ನು ಕತ್ತರಿಸಿಲ್ಲ. ನನ್ನ ದೃಷ್ಟಿಯಲ್ಲಿ ಚಿತ್ರದ ಅತಿ ದಿಟ್ಟ ನಿರ್ಧಾರ ಇದೇ.

'ಝಿಂಗಾಟ್' ಬಗ್ಗೆ ಹೆಚ್ಚು ಹೇಳೋದು ಬ್ಯಾಡ. ಪರದೆ ಮುಂದ ಹೋಗಿ ಕುಣಿದವರು ಈ ಸಭೆಯೊಳಗೂ ಇರಬಹುದು!

ಹುಡುಗ ಹುಡುಗಿ ಓಡಿಹೋಗಿ ಹೈದರಾಬಾದ್ ಸೇರುವ ಹೊತ್ತಿಗೆ ನಾಲ್ಕೂ ಹಾಡು ಮುಗಿದಿರುತ್ತವೆ. ಇನ್ನು ಕೇಳುವುದು ಗಾಡಿಗಳ ಸದ್ದು, ತಿಳಿಯದ ತೆಲುಗು ಮಾತು. ಪರಊರು ಅಂದ್ರ ಹೆಂಗಿರ್ತದ ಅಂತ ಸಂಗೀತ ಹಾಕಿ ಹೇಳಿಲ್ಲ, ಸಂಗೀತ ತೆಗೆದು ಹೇಳ್ಯಾರ. ಕಡೆಗೆ ಕೂಸು ಬಾಗಿಲಲ್ಲಿ ನಿಂತು ಅಳುವಾಗ ಅಳುವಿನ ಸದ್ದೂ ಇಲ್ಲ. ರಕ್ತದ ಪುಟ್ಟ ಹೆಜ್ಜೆಗಳು ಹೊರಗೆ ಬರುತ್ತವೆ, ಅಷ್ಟೇ. ಒಂದೇ ಒಂದು ಪಿಟೀಲು ನುಡಿದಿದ್ದರೂ ನಾವು ಅತ್ತು ಹಗುರಾಗಿ ಮನೆಗೆ ಹೋಗುತ್ತಿದ್ದೆವು. ಆ ಸವಲತ್ತನ್ನು ನಮಗೆ ಕೊಡಲಿಲ್ಲ. ನಾನು ನೋಡಿದ ಸೋಲಾಪುರದ ಥೇಟರಿನಲ್ಲಿ ಮಧ್ಯಂತರಕ್ಕೆ ಮುಂಚೆ ಸೀಟಿ ಹೊಡೆದವರು ಆಮೇಲೆ ಚಪ್ಪಲಿ ಹುಡುಕೋವಾಗೂ ಮಾತಾಡಲಿಲ್ಲ.

ಈಗ ಊರಿನ ಮಾತಿಗೆ ಬರ್ತೀನಿ. 2017ರಲ್ಲಿ ಎಸ್. ನಾರಾಯಣ್ ಇದನ್ನು 'ಮನಸು ಮಲ್ಲಿಗೆ' ಎಂದು ಕನ್ನಡಕ್ಕೆ ತಂದರು. ನಾಯಕಿ ಅದೇ ರಿಂಕು ರಾಜಗುರು, ಸಂಗೀತ ಅದೇ ಅಜಯ್-ಅತುಲ್, ಧಾಟಿಗಳೂ ಅವೇ. ಪಿಟೀಲು ಎದ್ದಾಗ ಎದೆ ಮೊದಲಿನಂತೆಯೇ ತುಂಬಿತು. ಅಂದರೆ ಭಾವ ದಾಟಿತು. ಊರು ಮಾತ್ರ ದಾಟಲಿಲ್ಲ. ಯಾಕೆ? ಮರಾಠಿ ಹಾಡಿನ ಹೆಸರಲ್ಲೇ ಉತ್ತರ ಅದ. ಹುಚ್ಚು ಎನ್ನುವುದಕ್ಕೆ ಪುಸ್ತಕದ ಮರಾಠಿಯಲ್ಲಿ 'ವೇಡ್', ಹಾಡಿನಲ್ಲಿ ಹಳ್ಳಿಯವರ 'ಯಾಡ್'. ವಾದ್ಯಗಳು ಅಮೆರಿಕದವು, ನಾಲಿಗೆ ಮಾತ್ರ ಕರಮಾಳದ್ದು. ಊರನ್ನು ಹಿಡಿದಿಟ್ಟದ್ದು ಆ ಒಂದು ಅಕ್ಷರ. ಕನ್ನಡದಲ್ಲಿ ಅಂಥದೇ ಒಂದು ಮಾತಿಗೆ, ನಮ್ಮ ಕಡೀ ಮಾತಿಗೆ, ನಾನು ಕಿವಿಗೊಟ್ಟು ಕೂತಿದ್ದೆ. ನನ್ನ ಕಿವಿಗೆ ಸಿಗಲಿಲ್ಲ. ಗಡಿಯಲ್ಲಿರುವವರಿಗೆ ಇದು ಸಣ್ಣ ಆಸೆ ಅಲ್ರೀ. ಮರಾಠಿ ಸಿನಿಮಾದಾಗ ನಮ್ಮ ಜಿಲ್ಲಾ ಅದ, ನಮ್ಮ ಮಾತಿಲ್ಲ. ಕನ್ನಡ ಸಿನಿಮಾದಾಗ ಭಾಷಾ ಅದ, ನಮ್ಮ ಧಾಟಿ ಇಲ್ಲ.

ನಮ್ಮ ಅತ್ತಿಗೆ ಮರಾಠಿ ಅಷ್ಟಕ್ಕಷ್ಟೇ. ಕನ್ನಡದ ಹಾಡು ಟಿವಿಯಲ್ಲಿ ಬಂದಾಗ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳಿದಳು: "ಇದು ಆ ಕರಮಾಳದ ಹುಡುಗರ ಹಾಡಲ್ಲೇನೋ?"

ನನ್ನ ವೇಳೆ ಮುಗೀತು ಅಂತ ಕಾಣಸ್ತದ. ಪ್ರಶ್ನೆ ಇದ್ರ ಕೇಳ್ರಿ.